ದೂರದ ಬೈಕ್ ಪ್ರಯಾಣದಲ್ಲಿ ಕೈ ಜೋಮು: ಯಾವ ಬೆರಳು ಎಂಬುದೇ ಮೊದಲ ಸುಳಿವು

ಬೆಂಗಳೂರು: ನಸುಕಿನ ಐದು ಗಂಟೆಗೆ ಯಶವಂತಪುರದಿಂದ ಹುಬ್ಬಳ್ಳಿಯತ್ತ ಹೊರಟ ಬೈಕ್ ಸವಾರ ನೆಲಮಂಗಲ ದಾಟುವವರೆಗೆ ಉಲ್ಲಾಸದಿಂದಲೇ ಇರುತ್ತಾನೆ. ತುಮಕೂರು ಬರುವಷ್ಟರಲ್ಲಿ ಬಲಗೈ ಬೆರಳುಗಳ ತುದಿಯಲ್ಲಿ ಇರುವೆ ಹರಿದಂತಹ ಅನುಭವ ಶುರುವಾಗುತ್ತದೆ. ಶಿರಾ ಸಮೀಪಿಸುವ ವೇಳೆಗೆ ಅಂಗೈ ತನ್ನದೇ ಅಲ್ಲವೇನೋ ಎಂಬಷ್ಟು ಮರಗಟ್ಟಿರುತ್ತದೆ. ಕೈ ತೆಗೆದು ಒಮ್ಮೆ ಕೊಡವಿ, ಬೆರಳು ಮಡಚಿ ಬಿಡಿಸಿ, ಮತ್ತೆ ಆಕ್ಸಿಲರೇಟರ್ ಹಿಡಿಯುತ್ತಾನೆ. ಹತ್ತು ನಿಮಿಷ ಕಳೆಯುವುದರೊಳಗೆ ಮತ್ತೆ ಅದೇ ಪಾಡು.

ದೂರದ ಪ್ರಯಾಣ ಮಾಡುವ ದ್ವಿಚಕ್ರ ವಾಹನ ಸವಾರರಲ್ಲಿ ಈ ಅನುಭವ ಆಗದವರು ವಿರಳ. ‘ಬೈಕ್ ಎಂದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಹಲವರು ಸುಮ್ಮನಾಗುತ್ತಾರೆ. ಕೆಲವರು ದಪ್ಪ ಕೈಗವಸು ಕೊಳ್ಳುತ್ತಾರೆ. ಮತ್ತೆ ಕೆಲವರು ಔಷಧದಂಗಡಿಯಲ್ಲಿ ವಿಟಮಿನ್ ಮಾತ್ರೆ ಕೇಳಿ ಪಡೆಯುತ್ತಾರೆ. ಆದರೆ ಜೋಮು ಎಲ್ಲರಿಗೂ ಒಂದೇ ಕಾರಣದಿಂದ ಬರುವುದಿಲ್ಲ. ಯಾವ ಬೆರಳು ಮರಗಟ್ಟುತ್ತದೆ, ಯಾವಾಗ ಮರಗಟ್ಟುತ್ತದೆ, ಬೈಕಿನಿಂದ ಇಳಿದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಕಾರಣ ತಿಳಿದರೆ ಪರಿಹಾರ ಅಷ್ಟೇನೂ ಕಷ್ಟವಲ್ಲ.

ಬ್ರೇಕಿಗೂ ಬೆರಳಿಗೂ ಇರುವ ನಂಟು

ಕೈ ಜೋಮನ್ನು ಕೇವಲ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ. ಮೋಟಾರ್ ಸೈಕಲ್ಲಿನಲ್ಲಿ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್ ಎರಡೂ ಬಲಗೈಯಲ್ಲಿವೆ. ಬ್ರೇಕ್ ಹಾಕಿದೊಡನೆ ವಾಹನದ ಭಾರ ಮುಂದಕ್ಕೆ ವಾಲುವುದರಿಂದ, ಬೈಕನ್ನು ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದ್ದೇ. ಆ ಲಿವರನ್ನು ಎಷ್ಟು ಒತ್ತಬೇಕು ಎಂಬುದನ್ನು ಸವಾರ ನಿರ್ಧರಿಸುವುದು ಬೆರಳಿನ ಸ್ಪರ್ಶದಿಂದ. ಸ್ಪರ್ಶವೇ ಇಲ್ಲದಾಗ ಒತ್ತುವುದು ತಡವಾಗಬಹುದು, ಇಲ್ಲವೇ ಅಗತ್ಯಕ್ಕಿಂತ ಜೋರಾಗಿ ಒತ್ತಿ ಚಕ್ರ ಜಾರಬಹುದು.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವ ಬೈಕ್ ಪ್ರತಿ ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಮರಗಟ್ಟಿದ ಬೆರಳು ಲಿವರನ್ನು ಹುಡುಕಿ ಹಿಡಿಯಲು ಅರ್ಧ ಸೆಕೆಂಡ್ ತಡಮಾಡಿದರೂ ಬೈಕ್ 11 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಸರ್ಕಾರಿ ಬಸ್ಸಿನ ಉದ್ದ. ಗೇರ್ ಇಲ್ಲದ ಸ್ಕೂಟರ್‌ಗಳಲ್ಲಂತೂ ಕಾಲಿಗೆ ಬ್ರೇಕೇ ಇಲ್ಲ, ಎರಡೂ ಬ್ರೇಕ್‌ಗಳು ಕೈಯನ್ನೇ ನಂಬಿಕೊಂಡಿವೆ.

ಜೋಮು ಎಂದರೇನು?

ಬೆರಳಿನ ಸ್ಪರ್ಶ, ನೋವು, ಶಾಖದ ಅರಿವನ್ನು ಮೆದುಳಿಗೆ ಒಯ್ಯುವುದು ನರಗಳು. ಕುತ್ತಿಗೆಯ ಬಳಿ ಬೆನ್ನುಹುರಿಯಿಂದ ಹೊರಡುವ ಈ ನರಗಳು ಭುಜ, ಮೊಣಕೈ, ಮಣಿಕಟ್ಟುಗಳ ಮೂಲಕ ಹಾದು ಬೆರಳ ತುದಿ ತಲುಪುತ್ತವೆ. ದಾರಿಯಲ್ಲಿ ಎಲ್ಲಿಯಾದರೂ ನರದ ಮೇಲೆ ಒತ್ತಡ ಬಿದ್ದರೆ ಅದಕ್ಕೆ ರಕ್ತ ಪೂರೈಸುವ ಸೂಕ್ಷ್ಮ ನಾಳಗಳು ಅದುಮಿಕೊಳ್ಳುತ್ತವೆ. ಸಂದೇಶ ಸಾಗಣೆಯಲ್ಲಿ ಏರುಪೇರಾಗುತ್ತದೆ. ಮೊದಲು ಜುಮುಜುಮು, ನಂತರ ಮರಗಟ್ಟುವಿಕೆ. ಒತ್ತಡ ತೆಗೆದರೆ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಕುಳಿತಾಗ ಕಾಲು ಜೋಮು ಹಿಡಿದು, ಎದ್ದು ನಡೆದಾಡಿದೊಡನೆ ಬಿಡುವುದು ಇದೇ ರೀತಿ.

ಆದರೆ ಒತ್ತಡ ದಿನವೂ, ಗಂಟೆಗಟ್ಟಲೆ, ವರ್ಷಗಟ್ಟಲೆ ಬಿದ್ದರೆ ನರದ ಹೊದಿಕೆಗೆ, ಕೊನೆಗೆ ಒಳಗಿನ ಎಳೆಗಳಿಗೂ ಹಾನಿಯಾಗುತ್ತದೆ. ಹಾನಿಗೊಂಡ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಮಣಿಕಟ್ಟಿನಿಂದ ಬೆರಳ ತುದಿಯವರೆಗಿನ ದೂರವನ್ನು ಲೆಕ್ಕ ಹಾಕಿದರೆ, ಚೇತರಿಕೆಗೆ ಎಷ್ಟು ತಿಂಗಳು ಬೇಕಾಗಬಹುದು ಎಂಬುದು ಅರ್ಥವಾಗುತ್ತದೆ.

ಕೈ ಕನ್ನಡಿಯಂತೆ: ಬೆರಳು ನೋಡಿ ಕಾರಣ ತಿಳಿಯುವ ಬಗೆ

ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರ ಬೆರಳಿನ ಅರ್ಧ ಭಾಗ ಮರಗಟ್ಟುತ್ತಿದ್ದರೆ ಸಂಶಯ ಮೀಡಿಯನ್ ನರದ ಮೇಲೆ. ಮಣಿಕಟ್ಟಿನಲ್ಲಿ ಎಲುಬುಗಳು ಮತ್ತು ಗಟ್ಟಿಯಾದ ಅಸ್ಥಿರಜ್ಜು ಸೇರಿ ಒಂದು ಇಕ್ಕಟ್ಟಾದ ಸುರಂಗ ನಿರ್ಮಾಣವಾಗಿದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೊಂದಿಗೆ ಈ ನರವೂ ಅದರೊಳಗೇ ಸಾಗಬೇಕು. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಬಾಗಿದಾಗ, ಮುಷ್ಟಿ ಬಿಗಿಯಾದಾಗ ಸುರಂಗದೊಳಗಿನ ಒತ್ತಡ ಏರುತ್ತದೆ. ಆಕ್ಸಿಲರೇಟರ್ ತಿರುಗಿಸಿ ಹಿಡಿದ ಬಲಗೈಯಲ್ಲಿ ಈ ಎರಡೂ ಒಟ್ಟಿಗೇ ನಡೆಯುತ್ತವೆ. ವೈದ್ಯರು ‘ಕಾರ್ಪಲ್ ಟನಲ್ ಸಿಂಡ್ರೋಮ್’ ಎಂದು ಕರೆಯುವ ತೊಂದರೆಯ ಮೂಲ ಇಲ್ಲಿದೆ.

ಕಿರುಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧ ಮರಗಟ್ಟಿದರೆ ಅದು ಅಲ್ನರ್ ನರದ ದೂರು. ಮೊಣಕೈಯನ್ನು ಗೋಡೆಗೆ ಬಡಿದುಕೊಂಡಾಗ ‘ಕರೆಂಟ್ ಹೊಡೆದಂತೆ’ ಆಗುವುದು ಈ ನರಕ್ಕೆ ಏಟು ಬಿದ್ದಾಗಲೇ. ಇದು ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆಯ ಒಂದು ಕಿರಿದಾದ ಕಾಲುವೆಯ ಮೂಲಕ ಅಂಗೈ ಪ್ರವೇಶಿಸುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಫೆಲಿಕ್ಸ್ ಗಯಾನ್ 1861ರಲ್ಲಿ ವಿವರಿಸಿದ ಈ ಕಾಲುವೆಗೆ ಅವರದೇ ಹೆಸರಿದೆ. ಹ್ಯಾಂಡಲ್ ಮೇಲೆ ದೇಹದ ಭಾರ ಹಾಕಿ ಅಂಗೈಯ ಹೊರ ಅಂಚನ್ನು ಊರಿದಾಗ ಒತ್ತಡ ನೇರವಾಗಿ ಇದೇ ಜಾಗಕ್ಕೆ ಬೀಳುತ್ತದೆ. ದೂರ ಕ್ರಮಿಸುವ ಸೈಕಲ್ ಸವಾರರಲ್ಲಿ ಈ ತೊಂದರೆ ಹಿಂದಿನಿಂದಲೂ ಪರಿಚಿತ.

ಇಲ್ಲೊಂದು ಉಪಯುಕ್ತ ಸುಳಿವಿದೆ. ಕಿರುಬೆರಳಿನ ಜೊತೆಗೆ ಆ ಕಡೆಯ ಮುಂಗೈ, ಅಂದರೆ ಹಸ್ತದ ಹಿಂಭಾಗವೂ ಮರಗಟ್ಟಿದ್ದರೆ ತೊಂದರೆ ಮಣಿಕಟ್ಟಿನಲ್ಲಿ ಇಲ್ಲ, ಇನ್ನೂ ಮೇಲೆ ಮೊಣಕೈ ಅಥವಾ ಕುತ್ತಿಗೆಯಲ್ಲಿ ಇರುವ ಸಾಧ್ಯತೆ ಹೆಚ್ಚು. ಹಸ್ತದ ಹಿಂಭಾಗಕ್ಕೆ ಹೋಗುವ ಕವಲು ಮಣಿಕಟ್ಟಿಗೆ ಬರುವ ಮೊದಲೇ ಬೇರೆಯಾಗಿರುವುದೇ ಇದಕ್ಕೆ ಕಾರಣ. ಹ್ಯಾಂಡಲ್ ಅತಿ ಹತ್ತಿರವಿದ್ದು ಮೊಣಕೈ ಬಹಳ ಹೊತ್ತು ಮಡಚಿಕೊಂಡೇ ಇದ್ದರೂ ಹೀಗಾಗುತ್ತದೆ.

ಹೆಬ್ಬೆರಳಿನ ಬುಡದ ಹಿಂಭಾಗದಲ್ಲಿ ಮಾತ್ರ ಜೋಮು ಇದ್ದರೆ ಬಿಗಿಯಾದ ಕೈಗವಸಿನ ಪಟ್ಟಿ ಅಥವಾ ಕೈಗಡಿಯಾರದ ಪಟ್ಟಿಯನ್ನು ಮೊದಲು ಸಡಿಲಿಸಿ ನೋಡಬೇಕು. ಕುತ್ತಿಗೆ ನೋವಿನ ಜೊತೆಗೆ ಭುಜದಿಂದ ಬೆರಳವರೆಗೆ ಸೆಳೆತವಿದ್ದರೆ ಕುತ್ತಿಗೆಯ ಎಲುಬುಗಳ ನಡುವೆ ನರ ಒತ್ತಿಕೊಂಡಿರಬಹುದು. ಭಾರದ ಹೆಲ್ಮೆಟ್, ಬೆನ್ನಿನ ಮೇಲಿನ ಬ್ಯಾಗು, ಮುಂದಕ್ಕೆ ಬಾಗಿ ತಲೆ ಎತ್ತಿ ಓಡಿಸುವ ಭಂಗಿ ಇವೆಲ್ಲವೂ ಅದನ್ನು ಹೆಚ್ಚಿಸುತ್ತವೆ. ಎರಡೂ ಕೈಗಳ ಎಲ್ಲ ಬೆರಳೂ ಒಂದೇ ಸಮನೆ ಜುಮುಗುಟ್ಟುತ್ತಿದ್ದರೆ ಎಂಜಿನ್ ನಡುಕ ಅಥವಾ ಚಳಿಯ ಕಡೆ ಗಮನ ಹರಿಸಬೇಕು.

ಎಂಜಿನ್ ನಡುಗುವುದೇಕೆ?

ನಮ್ಮ ರಸ್ತೆಗಳಲ್ಲಿ ಓಡುವ ಬೈಕ್‌ಗಳಲ್ಲಿ ಬಹುಪಾಲು ಒಂದೇ ಸಿಲಿಂಡರಿನವು. ಒಳಗಿನ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುವಾಗ ಪ್ರತಿ ಬಾರಿಯೂ ನಿಂತು ದಿಕ್ಕು ಬದಲಿಸಬೇಕು. ಆ ಎಳೆತ ಇಡೀ ಚಾಸಿಗೆ, ಅಲ್ಲಿಂದ ಹ್ಯಾಂಡಲ್‌ಗೆ ದಾಟುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಸವಾರನ ಅಂಗೈಗೆ ಸೆಕೆಂಡಿಗೆ 100 ಪೆಟ್ಟು ಬೀಳುತ್ತದೆ. ಈ ಬಲ ಎಂಜಿನ್ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 3000 ಸುತ್ತಿನಿಂದ 6000ಕ್ಕೆ ಹೋದಾಗ ಅದು ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ.

ಈ ಎಳೆತಕ್ಕೆ ವಿರುದ್ಧವಾಗಿ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಅಳವಡಿಸಿದರೆ ನಡುಕ ಗಣನೀಯವಾಗಿ ಇಳಿಯುತ್ತದೆ. ರಾಯಲ್ ಎನ್‌ಫೀಲ್ಡ್ ಕಂಪನಿ 2020ರಲ್ಲಿ ಬಿಡುಗಡೆ ಮಾಡಿದ ಮೀಟಿಯರ್ 350 ಬೈಕಿನ ಎಂಜಿನ್‌ನಲ್ಲಿ ಈ ವ್ಯವಸ್ಥೆ ಇದೆ. ಅದೇ ಕಂಪನಿಯ ಹಳೆಯ ಎರಕದ ಕಬ್ಬಿಣದ ಬುಲೆಟ್ ಓಡಿಸಿದವರಿಗೆ ವ್ಯತ್ಯಾಸ ಕೈಯಿಂದಲೇ ಗೊತ್ತಾಗುತ್ತದೆ.

ಹ್ಯಾಂಡಲ್‌ಗೂ ತನ್ನದೇ ಆದ ಸಹಜ ಕಂಪನವಿರುತ್ತದೆ. ಎಂಜಿನ್ನಿನ ನಡುಕ ಅದಕ್ಕೆ ಹೊಂದಿಕೆಯಾದ ವೇಗದಲ್ಲಿ ಹ್ಯಾಂಡಲ್ ವಿಪರೀತ ಅದುರುತ್ತದೆ. ಅದಕ್ಕಿಂತ ಸ್ವಲ್ಪ ಕಡಿಮೆ ಅಥವಾ ಹೆಚ್ಚು ವೇಗದಲ್ಲಿ ಅದುರುವಿಕೆ ತಗ್ಗುತ್ತದೆ. ಹ್ಯಾಂಡಲ್‌ನ ಎರಡೂ ತುದಿಗಳಲ್ಲಿ ಕಂಪನಿಯವರು ಕೂರಿಸಿರುವ ಭಾರದ ಲೋಹದ ತುಂಡುಗಳು ಇರುವುದು ಅಲಂಕಾರಕ್ಕಲ್ಲ, ಈ ಕಂಪನ ತಗ್ಗಿಸುವುದಕ್ಕೆ. ಹೊಸ ಕನ್ನಡಿ ಅಥವಾ ಬೇರೆ ಗ್ರಿಪ್ ಹಾಕಿಸುವಾಗ ಅವನ್ನು ತೆಗೆಸಿದವರು ನಂತರ ಕೈ ಜೋಮು ಹೆಚ್ಚಾಯಿತೆಂದು ದೂರುವುದರಲ್ಲಿ ಆಶ್ಚರ್ಯವಿಲ್ಲ.

ಕಂಪನದ ಇನ್ನೊಂದು ಕಿತಾಪತಿ ಸವಾರನ ಅರಿವಿಗೇ ಬರುವುದಿಲ್ಲ. ನಡುಗುವ ವಸ್ತುವನ್ನು ಹಿಡಿದ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಅಂದರೆ ಹ್ಯಾಂಡಲ್ ಅದುರಿದಷ್ಟೂ ಮುಷ್ಟಿ ಬಿಗಿಯಾಗುತ್ತದೆ. ಮುಷ್ಟಿ ಬಿಗಿಯಾದಷ್ಟೂ ಹೆಚ್ಚಿನ ನಡುಕ ಕೈಯೊಳಗೆ ದಾಟುತ್ತದೆ, ಮಣಿಕಟ್ಟಿನ ಸುರಂಗದಲ್ಲಿ ಒತ್ತಡವೂ ಏರುತ್ತದೆ. ಸ್ಪರ್ಶ ಮಂದವಾದಂತೆ ಹಿಡಿತ ಸಾಲದೆಂಬ ಭಾವನೆ ಬಂದು ಸವಾರ ಇನ್ನಷ್ಟು ಬಿಗಿಯುತ್ತಾನೆ. ಈ ವರ್ತುಲವನ್ನು ಮುರಿಯುವುದೇ ಪರಿಹಾರದ ಮೊದಲ ಹೆಜ್ಜೆ.

ನೂರು ವರ್ಷ ಹಳೆಯ ಎಚ್ಚರಿಕೆ

ಕಂಪನ ಕೈಯನ್ನು ಕೆಡಿಸುತ್ತದೆ ಎಂಬುದು ಹೊಸ ಸಂಗತಿಯಲ್ಲ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಗಾಳಿಯ ಒತ್ತಡದ ಸುತ್ತಿಗೆ ಹಿಡಿದು ಸುಣ್ಣದಕಲ್ಲು ಕಡಿಯುವ ಕಾರ್ಮಿಕರನ್ನು ಪರೀಕ್ಷಿಸಿದರು. ಚಳಿಯ ಬೆಳಗುಗಳಲ್ಲಿ ಅವರ ಬೆರಳುಗಳು ರಕ್ತವಿಲ್ಲದಂತೆ ಬಿಳಿಚಿ ಮರಗಟ್ಟುತ್ತಿದ್ದುದನ್ನು ಅವರು ದಾಖಲಿಸಿದರು. ಮುಂದೆ ಮರ ಕೊಯ್ಯುವ ಯಂತ್ರ, ಗ್ರೈಂಡರ್, ಡ್ರಿಲ್ ಹಿಡಿಯುವವರಲ್ಲೂ ಇದೇ ತೊಂದರೆ ಕಂಡುಬಂತು. ಜಪಾನಿನಲ್ಲಿ 1980 ಮತ್ತು 90ರ ದಶಕಗಳಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಅಂಚೆ ಹಂಚುವವರು ಹಾಗೂ ಸಂಚಾರ ಪೊಲೀಸರ ಕೈಗಳೂ ಸಂಶೋಧಕರ ಅಧ್ಯಯನಕ್ಕೆ ಒಳಪಟ್ಟವು.

ಐರೋಪ್ಯ ಒಕ್ಕೂಟ 2002ರ ನಿರ್ದೇಶನದಲ್ಲಿ ಕೆಲಸಗಾರರ ಕೈಗೆ ತಾಗುವ ಕಂಪನಕ್ಕೆ ಮಿತಿ ಹಾಕಿತು. ಎಂಟು ಗಂಟೆಯ ಲೆಕ್ಕದಲ್ಲಿ ಕಂಪನದ ಪ್ರಮಾಣ ಪ್ರತಿ ಸೆಕೆಂಡ್ ವರ್ಗಕ್ಕೆ 2.5 ಮೀಟರ್ ತಲುಪಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5 ಮೀಟರ್ ಮೀರುವಂತಿಲ್ಲ. ಈ ಲೆಕ್ಕಾಚಾರದಲ್ಲಿ ಸವಾರರೂ ತಿಳಿಯಬೇಕಾದ ಅಂಶವೊಂದಿದೆ. ಕಂಪನ ಎರಡು ಪಟ್ಟಾದರೆ ಅಷ್ಟೇ ಹೊರೆ ಬೀಳಲು ಕಾಲು ಭಾಗದ ಸಮಯ ಸಾಕು. ಹ್ಯಾಂಡಲ್ ಅದುರುವ ವೇಗದಲ್ಲಿ ಒಂದು ಗಂಟೆ ಓಡಿಸುವುದೂ, ಅದರರ್ಧ ಅದುರುವ ವೇಗದಲ್ಲಿ ನಾಲ್ಕು ಗಂಟೆ ಓಡಿಸುವುದೂ ಕೈಗೆ ಒಂದೇ. ಹೀಗಾಗಿ ತನ್ನ ಬೈಕ್ ಯಾವ ವೇಗದಲ್ಲಿ ಕಡಿಮೆ ನಡುಗುತ್ತದೆ ಎಂದು ಗಮನಿಸಿ, ಹೆದ್ದಾರಿಯಲ್ಲಿ ಅದೇ ವೇಗ ಕಾಯ್ದುಕೊಳ್ಳುವುದು ಖರ್ಚಿಲ್ಲದ ಪರಿಹಾರ.

ಮೊದಲು ಹಿಡಿತ ಸಡಿಲಿಸಿ

ಹ್ಯಾಂಡಲ್ ಇರುವುದು ಬೈಕನ್ನು ತಿರುಗಿಸಲು, ದೇಹದ ಭಾರ ಹೊರಲು ಅಲ್ಲ. ತೊಡೆಗಳಿಂದ ಪೆಟ್ರೋಲ್ ಟ್ಯಾಂಕನ್ನು ಹಗುರವಾಗಿ ಒತ್ತಿ ಹಿಡಿದು, ಸೊಂಟ ಮತ್ತು ಹೊಟ್ಟೆಯ ಸ್ನಾಯುಗಳಿಂದ ಮೈಯನ್ನು ನಿಲ್ಲಿಸಿಕೊಂಡರೆ ಕೈ ಹಗುರಾಗುತ್ತದೆ. ಮೊಣಕೈ ಸ್ವಲ್ಪ ಬಾಗಿರಬೇಕು. ಭುಜ ಕಿವಿಯತ್ತ ಏರಿರಬಾರದು. ಓಡಿಸುವಾಗ ಆಗಾಗ ಮೊಣಕೈಯನ್ನು ರೆಕ್ಕೆಯಂತೆ ಒಮ್ಮೆ ಅಲುಗಿಸಿ ನೋಡಬೇಕು. ಸರಾಗವಾಗಿ ಅಲುಗದಿದ್ದರೆ ಸವಾರ ಹ್ಯಾಂಡಲ್ ಮೇಲೆ ಒರಗಿದ್ದಾನೆ ಎಂದೇ ಅರ್ಥ.

ಆಕ್ಸಿಲರೇಟರ್ ಹಿಡಿಯುವ ರೀತಿಯೂ ಮುಖ್ಯ. ಮುಷ್ಟಿಯನ್ನು ನೇರವಾಗಿ ಹಾಕಿ ತಿರುಗಿಸಿದರೆ ಮಣಿಕಟ್ಟು ಕೆಳಕ್ಕೆ ಕುಸಿದು ಹಸ್ತ ಹಿಂದಕ್ಕೆ ಬಾಗುತ್ತದೆ. ಸ್ಕ್ರೂ ಡ್ರೈವರ್ ಹಿಡಿದಂತೆ ತುಸು ಓರೆಯಾಗಿ ಹಿಡಿದರೆ ಮುಂಗೈ ಮತ್ತು ಹಸ್ತ ಒಂದೇ ಗೆರೆಯಲ್ಲಿ ಉಳಿಯುತ್ತವೆ. ವೇಗ ಹೆಚ್ಚಿಸಿದ ಮೇಲೆ ಹಿಡಿತವನ್ನು ಮುಂದಕ್ಕೆ ಸರಿಸಿ ಮಣಿಕಟ್ಟನ್ನು ಮತ್ತೆ ನೇರ ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಎಡಗೈ ಜೋಮಿಗೆ ಬೇರೆಯೇ ಕಥೆ. ಬೆಂಗಳೂರಿನಂತಹ ಊರಿನ ದಟ್ಟಣೆಯಲ್ಲಿ ಕ್ಲಚ್ ಹಿಡಿದು ಬಿಟ್ಟು ಸೋತ ಕೈ ಹೆದ್ದಾರಿ ತಲುಪುವ ಮೊದಲೇ ದಣಿದಿರುತ್ತದೆ. ಸಿಗ್ನಲ್‌ನಲ್ಲಿ ಗೇರ್ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡುವುದು, ಬಿಗಿಯಾದ ಕ್ಲಚ್ ಕೇಬಲ್‌ಗೆ ಎಣ್ಣೆ ಬಿಡಿಸುವುದು ಅಥವಾ ಹೊಸದು ಹಾಕಿಸುವುದು ಇದಕ್ಕೆ ಮದ್ದು.

ಮೆಕ್ಯಾನಿಕ್ ಬಳಿ ಮಾಡಿಸಬೇಕಾದ್ದು

ಶೋರೂಮಿನಿಂದ ಬಂದ ಬೈಕ್ ಸರಾಸರಿ ಎತ್ತರದ ವ್ಯಕ್ತಿಗೆ ಹೊಂದಿಸಿದ್ದು. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳ ಕೋನವನ್ನು ಬದಲಿಸಬಹುದೆಂಬುದು ಅನೇಕರಿಗೆ ತಿಳಿದಿಲ್ಲ. ಸವಾರ ಎಂದಿನಂತೆ ಕುಳಿತು ಬೆರಳು ಚಾಚಿದಾಗ, ಮಣಿಕಟ್ಟು ಮೇಲೆತ್ತದೆ ಬೆರಳುಗಳು ಲಿವರ್ ಮೇಲೆ ಬೀಳಬೇಕು. ಹಾಗಾಗದಿದ್ದರೆ ಹಿಡಿಕೆಯ ಬೋಲ್ಟ್ ಸಡಿಲಿಸಿ ಲಿವರನ್ನು ಸ್ವಲ್ಪ ಕೆಳಕ್ಕೋ ಮೇಲಕ್ಕೋ ತಿರುಗಿಸಿ ಬಿಗಿ ಮಾಡಿಸಬೇಕು. ಕೆಲವೇ ನಿಮಿಷದ ಕೆಲಸ. ಆದರೆ ಕೇಬಲ್ ಅಥವಾ ಬ್ರೇಕ್ ಪೈಪ್ ಎಳೆದಂತಾಗಿಲ್ಲ ಎಂಬುದನ್ನು ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗಿಸಿ ಖಚಿತಪಡಿಸಿಕೊಳ್ಳಬೇಕು.

ಮುಂದಕ್ಕೆ ಬಾಗಿ ಓಡಿಸುವ ಸ್ಪೋರ್ಟ್ಸ್ ಬೈಕ್‌ಗಳಲ್ಲಿ ಭಾರ ಸಹಜವಾಗಿಯೇ ಮಣಿಕಟ್ಟಿಗೆ ಬೀಳುತ್ತದೆ. ಅಂಥವರು ಹ್ಯಾಂಡಲ್ ಎತ್ತರಿಸಲು ಸಾಧ್ಯವೇ ಎಂದು ವಿಚಾರಿಸಬಹುದು. ಇನ್ನೊಂದು ತುದಿಯಲ್ಲಿ, ಭುಜಕ್ಕಿಂತ ಎತ್ತರದ ಹ್ಯಾಂಡಲ್ ಹಾಕಿಸಿದವರಿಗೆ ಕೈ ಸದಾ ಹೃದಯಕ್ಕಿಂತ ಮೇಲಿದ್ದು ರಕ್ತ ಸಂಚಾರ ಕಡಿಮೆಯಾಗುತ್ತದೆ. ಎರಡೂ ಅತಿರೇಕಗಳು ಕೈಗೆ ಹಿತವಲ್ಲ.

ಬೈಕ್ ಹಿಂದೆಂದೂ ಇಲ್ಲದಂತೆ ನಡುಗತೊಡಗಿದ್ದರೆ ಅದು ದುರಸ್ತಿ ಕೇಳುತ್ತಿದೆ ಎಂದರ್ಥ. ಬೈಕ್ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ ವೇಗ ಏರಿಸಿದಾಗಲೂ ನಡುಕ ಬಂದರೆ ಎಂಜಿನ್ ಬಿಗಿದ ಬೋಲ್ಟ್‌ಗಳು, ಸೈಲೆನ್ಸರ್ ಹಿಡಿಕೆ, ಹ್ಯಾಂಡಲ್ ಬುಡದ ರಬ್ಬರ್ ಬುಷ್‌ಗಳನ್ನು ನೋಡಿಸಬೇಕು. ಓಡುವಾಗ ಮಾತ್ರ ಬಂದರೆ ಚಕ್ರದ ಬ್ಯಾಲೆನ್ಸ್, ಟೈರಿನ ಗಾಳಿ, ಸವೆದ ಚೈನ್ ಮತ್ತು ಸ್ಪ್ರಾಕೆಟ್ ಕಡೆ ಗಮನ ಹರಿಸಬೇಕು.

ಕೈಗವಸು ದಪ್ಪವಿದ್ದರೆ ಸಾಕೇ?

ಸಾಲದು. ಕೆಲವೊಮ್ಮೆ ಕೈಗವಸೇ ತೊಂದರೆಯ ಮೂಲ. ಬೆರಳ ಸಂದಿಯಲ್ಲಿ ಬಿಗಿಯಾದ, ಅಂಗೈ ಮಧ್ಯೆ ದಪ್ಪ ಹೊಲಿಗೆ ಇರುವ ಗ್ಲೌಸ್ ನರವನ್ನು ಇನ್ನಷ್ಟು ಒತ್ತುತ್ತದೆ. ಅತಿ ದಪ್ಪವಾದರೆ ಹಿಡಿತ ಉಳಿಸಿಕೊಳ್ಳಲು ಮುಷ್ಟಿಯನ್ನೇ ಬಿಗಿಯಬೇಕಾಗುತ್ತದೆ. ಕೊಳ್ಳುವಾಗ ಗ್ಲೌಸ್ ಹಾಕಿಕೊಂಡು ಹ್ಯಾಂಡಲ್ ಹಿಡಿದೇ ನೋಡಬೇಕು. ಬೆರಳ ತುದಿ ಒತ್ತದೆ, ಅಂಗೈಯಲ್ಲಿ ಬಟ್ಟೆ ಮಡಿಕೆ ಬೀಳದೆ, ಮಣಿಕಟ್ಟಿನ ಪಟ್ಟಿ ಒಂದು ಬೆರಳು ತೂರುವಷ್ಟು ಸಡಿಲವಿರುವುದು ಸರಿಯಾದ ಅಳತೆ. ಅಂಗೈಯ ಹೊರ ಅಂಚಿನಲ್ಲಿ ತೆಳುವಾದ ಜೆಲ್ ಪದರ ಇರುವಂಥದ್ದು ಕಿರುಬೆರಳು ಜೋಮು ಹಿಡಿಯುವವರಿಗೆ ಅನುಕೂಲ.

ಸವೆದು ಗಟ್ಟಿಯಾದ ಗ್ರಿಪ್ ಬದಲಿಸಿ ಮೃದು ರಬ್ಬರಿನದ್ದು ಹಾಕಿಸಬಹುದು, ಸ್ಪಂಜಿನ ಕವಚ ತೊಡಿಸಬಹುದು. ಆದರೆ ಕೈ ಚಿಕ್ಕದಿರುವವರಿಗೆ ಗ್ರಿಪ್ ದಪ್ಪವಾದಷ್ಟೂ ಬೆರಳು ಲಿವರ್ ತಲುಪುವುದು ಕಷ್ಟವಾಗುತ್ತದೆ. ಅಂಗೈಯಿಂದಲೇ ಆಕ್ಸಿಲರೇಟರ್ ಒತ್ತಿ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಆಸರೆಗಳೂ ಮಾರುಕಟ್ಟೆಯಲ್ಲಿವೆ. ತೆರವಾದ ಹೆದ್ದಾರಿಯಲ್ಲಿ ಅವು ನೆರವಾಗುತ್ತವೆ, ಆದರೆ ಊರೊಳಗಿನ ದಟ್ಟಣೆಯಲ್ಲಿ ಕೈ ತಾಗಿ ಬೈಕ್ ತಟ್ಟನೆ ಮುನ್ನುಗ್ಗುವ ಅಪಾಯವಿರುವುದರಿಂದ ತಿರುಗಿಸಿಡುವುದು ಕ್ಷೇಮ.

ದಾರಿಯಲ್ಲೇ ಜೋಮು ಹಿಡಿದರೆ

ಓಡುತ್ತಿರುವ ಬೈಕಿನಲ್ಲಿ ಕೈ ಕೊಡವುವುದು ಪರಿಹಾರವಲ್ಲ. ಸುರಕ್ಷಿತ ಜಾಗ ನೋಡಿ ರಸ್ತೆಯಿಂದ ಕೆಳಗಿಳಿದು ನಿಲ್ಲಿಸುವುದೇ ಸರಿ. ಗ್ಲೌಸ್ ತೆಗೆದು ಕೈಗಳನ್ನು ಕೆಳಕ್ಕೆ ಇಳಿಬಿಡಬೇಕು. ಭುಜಗಳನ್ನು ಹತ್ತು ಬಾರಿ ಹಿಂದಕ್ಕೆ ತಿರುಗಿಸಿ, ಮುಷ್ಟಿ ಮುಚ್ಚಿ ತೆರೆದು, ಇನ್ನೊಂದು ಕೈಯಿಂದ ಹಸ್ತವನ್ನು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಹದಿನೈದಿಪ್ಪತ್ತು ಸೆಕೆಂಡ್ ಬಾಗಿಸಿ ಹಿಡಿಯಬೇಕು. ನೋವಾಗುವಷ್ಟು ಎಳೆಯಬಾರದು.

ಮತ್ತೆ ಹೊರಡುವ ಮುನ್ನ ಸರಳ ಪರೀಕ್ಷೆಯೊಂದಿದೆ. ಜೇಬಿಗೆ ಕೈ ಹಾಕಿ, ನೋಡದೆ ಒಂದು ನಾಣ್ಯ ಹೆಕ್ಕಿ ಅದು ಒಂದು ರೂಪಾಯಿಯದ್ದೋ ಹತ್ತು ರೂಪಾಯಿಯದ್ದೋ ಎಂದು ಬೆರಳಿನಿಂದಲೇ ಹೇಳಬೇಕು. ಹೇಳಲಾಗದ ಬೆರಳು ಬ್ರೇಕ್ ಲಿವರನ್ನು ನಂಬಿಕೆಯಿಂದ ಒತ್ತಲಾರದು. ಇನ್ನಷ್ಟು ಹೊತ್ತು ಕಾಯುವುದರಿಂದ ನಷ್ಟವೇನಿಲ್ಲ.

ಜೋಮು ಬಂದ ಮೇಲೆ ನಿಲ್ಲಿಸುವುದಕ್ಕಿಂತ ಬರುವ ಮೊದಲೇ ನಿಲ್ಲಿಸುವುದು ಮೇಲು. 50-60 ಕಿ.ಮೀ.ಗೊಮ್ಮೆ ಐದು ನಿಮಿಷ ಇಳಿಯುವ ನಿಯಮ ಹಾಕಿಕೊಂಡರೆ ಬೆಂಗಳೂರಿನಿಂದ ಚಿತ್ರದುರ್ಗದವರೆಗಿನ ಸುಮಾರು 200 ಕಿ.ಮೀ. ಹಾದಿಯಲ್ಲಿ ತುಮಕೂರು, ಶಿರಾ, ಹಿರಿಯೂರು ಎಂದು ಮೂರು ಕಡೆ ನಿಂತರೆ ಸಾಕು. ಒಟ್ಟು ಕಾಲು ಗಂಟೆ. ನಿಂತಾಗ ನೀರು ಕುಡಿಯಬೇಕು. ಚಹಾದ ಜೊತೆಗೆ ಸಿಗರೇಟು ಹಚ್ಚುವವರು ನೆನಪಿಡಬೇಕಾದ್ದೆಂದರೆ, ನಿಕೋಟಿನ್ ಬೆರಳ ತುದಿಯ ರಕ್ತನಾಳಗಳನ್ನು ಕುಗ್ಗಿಸುತ್ತದೆ.

ಡಿಸೆಂಬರ್ ಮುಂಜಾವಿನಲ್ಲಿ ಮಲೆನಾಡಿನ ಘಾಟಿ ಏರುವವರಿಗೆ, ಮಳೆಗಾಲದಲ್ಲಿ ಒದ್ದೆ ಗ್ಲೌಸ್ ಹಾಕಿ ಓಡಿಸುವವರಿಗೆ, ಲಡಾಖ್ ಕಡೆ ಹೋಗುವವರಿಗೆ ಚಳಿಯೇ ಕೈ ಮರಗಟ್ಟಿಸಬಹುದು. ಗಾಳಿಗೆ ಒದ್ದೆ ಬಟ್ಟೆ ಆರುವಾಗ ಕೈಯ ಶಾಖವನ್ನೂ ಹೀರಿಕೊಳ್ಳುತ್ತದೆ. ಒಣಗಿದ ಇನ್ನೊಂದು ಜೊತೆ ಗ್ಲೌಸ್ ಬ್ಯಾಗಿನಲ್ಲಿ ಇರಲೇಬೇಕು. ಚಳಿಯಲ್ಲಿ ಬೆರಳು ಗೆರೆ ಎಳೆದಂತೆ ಬಿಳಿಚಿಕೊಂಡು, ಬೆಚ್ಚಗಾದಾಗ ಕೆಂಪೇರಿ ಉರಿಯುತ್ತಿದ್ದರೆ ಅದು ರಕ್ತನಾಳಗಳ ತೊಂದರೆಯ ಲಕ್ಷಣ. ವೈದ್ಯರಿಗೆ ತೋರಿಸಬೇಕು.

ಬೈಕೇ ಜೀವನವಾದವರಿಗೆ

ವಾರಾಂತ್ಯದ ಸವಾರನಿಗೆ ಸೋಮವಾರದಿಂದ ಶುಕ್ರವಾರದವರೆಗೆ ಕೈಗೆ ವಿಶ್ರಾಂತಿ ಸಿಗುತ್ತದೆ. ಮನೆಮನೆಗೆ ಊಟ, ಪಾರ್ಸೆಲ್ ತಲುಪಿಸುವವರು, ಬೈಕ್ ಟ್ಯಾಕ್ಸಿಯವರು, ಊರೂರು ಸುತ್ತುವ ಔಷಧ ಪ್ರತಿನಿಧಿಗಳು, ಹಾಲು, ಪತ್ರಿಕೆ ಹಂಚುವವರಿಗೆ ಆ ಭಾಗ್ಯವಿಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ಹ್ಯಾಂಡಲ್ ಹಿಡಿಯುವ ಇವರಲ್ಲಿ ಕೈ ಜೋಮು ಪ್ರಯಾಣದ ತೊಂದರೆಯಾಗಿ ಉಳಿಯದೆ ವೃತ್ತಿಯ ಕಾಯಿಲೆಯಾಗಿ ಬೆಳೆಯುವ ಸಂಭವ ಹೆಚ್ಚು. ಬಿಡುವಿನ ವೇಳೆಯಲ್ಲೂ ಮೊಣಕೈ ಮಡಚಿ ಮೊಬೈಲ್ ಹಿಡಿದು ಕೂರುವುದರಿಂದ ಅಲ್ನರ್ ನರಕ್ಕೆ ಬಿಡುವೇ ಸಿಗುವುದಿಲ್ಲ. ಪಾರ್ಸೆಲ್‌ಗಾಗಿ ಕಾಯುವ ಐದು ನಿಮಿಷವನ್ನು ಕೈ ಇಳಿಬಿಟ್ಟು ನಿಲ್ಲಲು ಬಳಸಿದರೂ ಅದು ಚಿಕಿತ್ಸೆಯೇ.

ವೈದ್ಯರ ಬಳಿ ಯಾವಾಗ?

ಬೈಕಿನಿಂದ ಇಳಿದ ಹತ್ತಿಪ್ಪತ್ತು ನಿಮಿಷಗಳಲ್ಲಿ ಪೂರ್ಣ ಹೋಗುವ ಜೋಮು ಸಾಮಾನ್ಯವಾಗಿ ಭಂಗಿ ಮತ್ತು ಕಂಪನದ್ದು. ಮರುದಿನವೂ ಉಳಿದರೆ, ರಾತ್ರಿ ನಿದ್ದೆಯಲ್ಲಿ ಕೈ ಜೋಮು ಹಿಡಿದು ಎಚ್ಚರವಾಗಿ ಕೊಡವಬೇಕಾಗಿ ಬಂದರೆ, ಅಂಗಿಯ ಗುಂಡಿ ಹಾಕುವುದು ಕಷ್ಟವಾದರೆ, ಹಿಡಿದ ಲೋಟ ಜಾರಿ ಬೀಳತೊಡಗಿದರೆ, ಹೆಬ್ಬೆರಳ ಬುಡದ ಮಾಂಸಖಂಡ ಚಪ್ಪಟೆಯಾದಂತೆ ಕಂಡರೆ ತಡ ಮಾಡುವಂತಿಲ್ಲ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಎಂದರೆ, ಎರಡೂ ಹಸ್ತಗಳ ಹಿಂಭಾಗವನ್ನು ಒಂದಕ್ಕೊಂದು ತಾಗಿಸಿ ಬೆರಳು ಕೆಳಮುಖವಾಗಿರುವಂತೆ ಒಂದು ನಿಮಿಷ ಹಿಡಿಯುವುದು. ಹೆಬ್ಬೆರಳಿನಿಂದ ನಡುಬೆರಳವರೆಗೆ ಜುಮುಜುಮು ಬಂದರೆ ಮಣಿಕಟ್ಟಿನ ಸುರಂಗದ ಮೇಲೆ ಸಂಶಯ ಬಲವಾಗುತ್ತದೆ. ಖಚಿತ ಉತ್ತರ ಕೊಡುವುದು ವೈದ್ಯರ ತಪಾಸಣೆ ಮತ್ತು ಅಗತ್ಯವಿದ್ದರೆ ವಿದ್ಯುತ್ ಮಿಡಿತದ ಮೂಲಕ ನರದ ವೇಗ ಅಳೆಯುವ ಪರೀಕ್ಷೆ.

ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ ಇರುವವರಲ್ಲಿ ನರಗಳು ಒತ್ತಡಕ್ಕೆ ಬೇಗ ಸೋಲುತ್ತವೆ. ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ವಿಟಮಿನ್ ಬಿ12 ಕೊರತೆಯೂ ಕೈಕಾಲು ಜೋಮಿಗೆ ಕಾರಣವಾಗುತ್ತದೆ. ಹಾಗೆಂದು ರಕ್ತ ಪರೀಕ್ಷೆಯಿಲ್ಲದೆ ಮಾತ್ರೆ ನುಂಗುವುದು ತರವಲ್ಲ. ವಿಟಮಿನ್ ಬಿ6 ಅತಿಯಾದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ.

ಆರಂಭದಲ್ಲೇ ತೋರಿಸಿದರೆ ಚಿಕಿತ್ಸೆ ಸರಳ. ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯನ್ನು ರಾತ್ರಿ ಕಟ್ಟಿಕೊಂಡು ಮಲಗುವುದರಿಂದಲೇ ಅನೇಕರಿಗೆ ಗುಣ ಕಾಣುತ್ತದೆ. ಕೆಲವರಿಗೆ ಚುಚ್ಚುಮದ್ದು ಬೇಕಾಗಬಹುದು. ತಡವಾದಾಗ ಸುರಂಗದ ಮೇಲಿನ ಅಸ್ಥಿರಜ್ಜುವನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆಯ ಮಾರ್ಗವಿದೆ. ಮಾಂಸಖಂಡ ಸೊರಗಿದ ನಂತರ ಬಂದವರಿಗೆ ಮಾತ್ರ ಪೂರ್ಣ ಬಲ ಮರಳುವ ಭರವಸೆ ಕಡಿಮೆ.

ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಒಂದು ಬದಿಯ ಕೈ ಇದ್ದಕ್ಕಿದ್ದಂತೆ ಮರಗಟ್ಟಿ, ಜೊತೆಗೆ ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಸೂಚನೆ. ಎದೆ ಬಿಗಿತ, ಬೆವರಿನೊಂದಿಗೆ ತೋಳು ಜೋಮು ಹಿಡಿದರೆ ಹೃದಯಾಘಾತವಿರಬಹುದು. ಇಂತಹ ಸಂದರ್ಭದಲ್ಲಿ ಬೈಕ್ ಓಡಿಸಿಕೊಂಡು ಆಸ್ಪತ್ರೆಗೆ ಹೋಗುವ ಸಾಹಸ ಮಾಡದೆ 108ಕ್ಕೆ ಕರೆ ಮಾಡಬೇಕು.

ಉಳಿದಂತೆ ಕೈ ಜೋಮಿಗೆ ದುಬಾರಿ ಉಪಕರಣಗಳಿಗಿಂತ ಮೊದಲು ಬೇಕಾದ್ದು ಗಮನ. ಮುಂದಿನ ಪ್ರಯಾಣಕ್ಕೆ ಹೊರಡುವವರು ಮೊದಲ ನಿಲುಗಡೆಯಲ್ಲಿ ಯಾವ ಬೆರಳು ಮರಗಟ್ಟಿದೆ ಎಂದು ನೋಡಿಕೊಂಡು, ಲಿವರ್ ಕೋನ, ಹಿಡಿತ, ಗ್ಲೌಸ್, ವೇಗ ಇವುಗಳಲ್ಲಿ ಒಂದೊಂದನ್ನೇ ಬದಲಿಸಿ ಪರೀಕ್ಷಿಸಬಹುದು. ಊರು ತಲುಪುವುದು ಕಾಲು ಗಂಟೆ ತಡವಾದರೂ, ಎದುರಿಗೆ ದನವೋ ಲಾರಿಯೋ ಅಡ್ಡ ಬಂದ ಕ್ಷಣದಲ್ಲಿ ಬೆರಳಿಗೆ ಬ್ರೇಕಿನ ಅರಿವು ಇರುತ್ತದೆ.